ಹಳೆಯ ಮೆಟ್ಟಿಲುಕುರ್ಚಿ ಗುಜರಿಗೇಕೆ ಹೋಗಬೇಕು?

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸೀಮೆಯ ಕಾಡಿನಲ್ಲಿ ಮರಗಳನ್ನು ಅಪ್ಪಿ ನಿಂತವರ ವಯಸ್ಸು ಈಗ ಎಷ್ಟಾಗಿದೆಯೆಂದು ಪರಿಸರದ ಸಭೆಗಳಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಅಂದು ಮೂವತ್ತೈದರ ಪ್ರಾಯದಲ್ಲಿದ್ದವರು ಇಂದು ಎಪ್ಪತ್ತೈದನ್ನು ದಾಟಿದ್ದಾರೆ. ಕೊಡಲಿಗಳ ಎದುರು ನಿಂತ ಆ ತಲೆಮಾರಿಗೆ, ಅದರೊಡನೆ ಗದ್ದೆ ತೋಟಗಳಲ್ಲಿ ದುಡಿದು ಮಂಡಿ ಸವೆಸಿಕೊಂಡ ಸಾವಿರಾರು ಅಜ್ಜ ಅಜ್ಜಿಯರಿಗೆ, ಸ್ವಂತ ಮನೆಯ ಹದಿನಾಲ್ಕು ಮೆಟ್ಟಿಲುಗಳೇ ಈಗ ಘಟ್ಟವಾಗಿವೆ. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವ ಚಳವಳಿಗೆ ಮನುಷ್ಯರ ಮಂಡಿಯ ವಯಸ್ಸು ಕಾಣದೇ ಹೋದದ್ದು ಹೇಗೆ?

ಮಲೆನಾಡಿನ ಹಳೆಯ ಮನೆಗಳಲ್ಲಿ ವೃದ್ಧರು ಮೆತ್ತಿನ ಮೇಲೆ ಮಲಗುತ್ತಿರಲಿಲ್ಲ. ಜಗಲಿ, ನಡುಮನೆ, ಬಚ್ಚಲು ಎಲ್ಲವೂ ಒಂದೇ ನೆಲದಲ್ಲಿದ್ದವು. ಮೆತ್ತು ಅಡಿಕೆಗೆ, ಭತ್ತಕ್ಕೆ, ಮದುವೆಗೆ ಬಂದ ನೆಂಟರಿಗೆ ಮೀಸಲಾಗಿತ್ತು. ಕಳೆದ ಮೂರು ದಶಕಗಳಲ್ಲಿ ಈ ವ್ಯವಸ್ಥೆ ತಲೆಕೆಳಗಾಯಿತು. ಅಂಗಳ ಕಿರಿದಾಯಿತು, ತಾರಸಿ ಮನೆ ಬಂತು, ಮಲಗುವ ಕೋಣೆ ಮೇಲೇರಿತು. ಗುಡ್ಡದ ಓರೆಯಲ್ಲಿ ಕಟ್ಟಿದ ಮನೆಗಳಲ್ಲಿ ರಸ್ತೆ ಮಾಡಿನ ಮಟ್ಟದಲ್ಲಿದ್ದರೆ ಅಡುಗೆಮನೆ ಒಂದು ಮಹಡಿ ಕೆಳಗಿರುತ್ತದೆ. ಹೋಂಸ್ಟೇ ಎಂಬ ಹೊಸ ಬೆಳೆ ಬಂದ ಮೇಲಂತೂ ಕೆಲವೆಡೆ ಇನ್ನೊಂದು ವಿಪರ್ಯಾಸ ಕಾಣುತ್ತದೆ: ತೋಟಕ್ಕೆ ಮುಖಮಾಡಿದ ನೆಲಮಾಳಿಗೆಯ ಕೋಣೆ ವಾರಾಂತ್ಯದ ಪ್ರವಾಸಿಗೆ, ಮಹಡಿಯ ಮೂಲೆಕೋಣೆ ತಾಯಿಗೆ. ತಾಯಿ ಬೆಳಗಿನ ಒಂದು ಲೋಟ ಕಷಾಯಕ್ಕೂ ಸೊಸೆಯ ಹೆಜ್ಜೆ ಸಪ್ಪಳಕ್ಕಾಗಿ ಕಾಯಬೇಕು. ಸೊಸೆ ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕು. ಇದರ ಭಾರವೆಲ್ಲ ಹೆಂಗಸರ ಮೊಣಕಾಲಿನ ಮೇಲೆಯೇ ಬೀಳುತ್ತದೆಂಬುದನ್ನು ಒತ್ತಿ ಹೇಳಬೇಕಾದ ಅಗತ್ಯವಿಲ್ಲ.

ಈ ಸಮಸ್ಯೆಗೆ ಒಂದು ಯಂತ್ರವಿದೆ. ಪೇಟೆಯಲ್ಲಿ ಅದನ್ನು ಸ್ಟೇರ್‌ಲಿಫ್ಟ್ ಎನ್ನುತ್ತಾರೆ. ಮೆಟ್ಟಿಲುಕುರ್ಚಿ ಎಂದರೆ ಅರ್ಥವಾಗುತ್ತದೆ. ಮೆಟ್ಟಿಲಿನ ಉದ್ದಕ್ಕೂ ಒಂದು ಲೋಹದ ಹಳಿ, ಹಳಿಯ ಮೇಲೆ ಹಲ್ಲುಗಾಲಿಯಿಂದ ತೆವಳುವ ಪುಟ್ಟ ಬಂಡಿ, ಬಂಡಿಯ ಮೇಲೆ ಬೆನ್ನಾಸರೆಯ ಕುರ್ಚಿ. ಹೊಸದರ ಬೆಲೆ ಲಕ್ಷ ದಾಟುತ್ತದೆ. ಬೆಂಗಳೂರು, ಮೈಸೂರು, ಮಂಗಳೂರುಗಳ ಅನುಕೂಲಸ್ಥ ಮನೆಗಳಿಗೆ ಅದು ಬಂದು ವರ್ಷಗಳಾದವು. ಬಳಸುತ್ತಿದ್ದವರು ತೀರಿಕೊಂಡ ಮೇಲೆ ಕುರ್ಚಿ ಕೆಲಕಾಲ ಬಟ್ಟೆ ಹೊದ್ದು ನಿಂತಿರುತ್ತದೆ. ಮನೆ ಮಾರಾಟವಾದಾಗ ಅಥವಾ ಗೋಡೆಗೆ ಬಣ್ಣ ಹೊಡೆಯುವಾಗ ಗುಜರಿಯವನ ಗಾಡಿ ಹತ್ತುತ್ತದೆ. ಹತ್ತು ವರ್ಷ ಬಾಳಬಲ್ಲ ಯಂತ್ರ ಎರಡು ಮೂರು ವರ್ಷ ದುಡಿದು ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅತ್ತ ಘಟ್ಟದ ಮೇಲಿನ ಮನೆಯಲ್ಲಿ ಒಬ್ಬ ಅಜ್ಜಿ ಮಹಡಿಯಿಂದ ಇಳಿದು ತನ್ನ ಹೂವಿನ ಗಿಡಗಳನ್ನು ನೋಡಿ ತಿಂಗಳುಗಳಾಗಿರುತ್ತವೆ. ಈ ಎರಡು ಸಂಗತಿಗಳ ನಡುವೆ ಇರುವ ದೂರ ಇನ್ನೂರು ಮುನ್ನೂರು ಕಿಲೋಮೀಟರ್, ಒಂದು ಪಿಕಪ್ ವಾಹನದ ಬಾಡಿಗೆ, ಒಂದು ಪೆಟ್ಟಿಗೆ ಸ್ಪ್ಯಾನರ್. ಆದರೂ ಕುರ್ಚಿ ಘಟ್ಟ ಹತ್ತುವುದಿಲ್ಲ. ಯಾಕೆ ಹತ್ತುವುದಿಲ್ಲ ಎಂಬುದನ್ನು ವಿಚಾರಿಸಹೊರಟರೆ ನಾಲ್ಕೂ ದಿಕ್ಕಿನಿಂದ ಬುದ್ಧಿಮಾತು ಕೇಳಿಬರುತ್ತದೆ.

ಮೊದಲನೆಯದು ನಗರ ಸೇರಿದ ಮಗನ ಮಾತು. ‘ಆಯಿ, ಅಪ್ಪಯ್ಯ, ಇಬ್ಬರೂ ಇಲ್ಲಿಗೇ ಬಂದುಬಿಡಿ, ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ.’ ಮಾತಿನಲ್ಲಿ ಪ್ರೀತಿಯಿದೆ, ಸುಳ್ಳಿಲ್ಲ. ಆದರೆ ಮನೆಯ ಹಿರಿಯರು ಊರು ಬಿಟ್ಟ ಮರುವರ್ಷ ತೋಟದ ಬೇಲಿ ಬೀಳುತ್ತದೆ, ಅದರ ಮರುವರ್ಷ ಬಾಳೆಗೆ ಮಂಗ ಬೀಳುತ್ತದೆ, ಐದನೆಯ ವರ್ಷ ಜಮೀನು ನೋಡಲು ದೂರದ ನೋಂದಣಿಯ ಕಾರು ಬರುತ್ತದೆ. ರೆಸಾರ್ಟುಗಳ ವಿರುದ್ಧ ಮನವಿ ಬರೆಯುವವರು ಇದನ್ನು ಗಮನಿಸಬೇಕು. ಗುಡ್ಡದ ಭೂಮಿ ಕೈತಪ್ಪುವ ಕಥೆ ಎಷ್ಟೋ ಸಲ ತಾಲ್ಲೂಕು ಕಚೇರಿಯಲ್ಲಿ ಆರಂಭವಾಗುವುದಿಲ್ಲ. ಒಂದು ಮಳೆಗಾಲದ ರಾತ್ರಿ ಮೆಟ್ಟಿಲಿನಿಂದ ಜಾರಿಬಿದ್ದ ವೃದ್ಧರ ಸೊಂಟದ ಮೂಳೆಯಿಂದ ಆರಂಭವಾಗುತ್ತದೆ.

ಎರಡನೆಯದು ಮಾರಾಟಗಾರನ ಮಾತು. ಹಳೆಯದು ಬೇಡ, ಹೊಸದೇ ಕೊಳ್ಳಿ. ಸಂಸ್ಥೆಯ ತಂತ್ರಜ್ಞನೇ ಬಂದು ಕೂರಿಸಬೇಕು. ಬೇರೆಯವರು ಒಂದು ತಿರುಪು ಮುಟ್ಟಿದರೂ ಖಾತರಿ ರದ್ದು. ಖಾತರಿ ಇರುವ ತಂತ್ರಜ್ಞ ಶ್ರಾವಣದ ಜಡಿಮಳೆಯಲ್ಲಿ, ಘಟ್ಟ ಕುಸಿದು ಬಸ್ಸು ನಿಂತಾಗ, ಅರ್ಧ ಮೆಟ್ಟಿಲಿನಲ್ಲಿ ನಿಂತ ಕುರ್ಚಿಯನ್ನು ಸರಿಪಡಿಸಲು ಎಂದು ಬರುತ್ತಾನೆ ಎಂಬ ಪ್ರಶ್ನೆಗೆ ಅವನಲ್ಲಿ ಉತ್ತರವಿಲ್ಲ. ದುರಸ್ತಿಯ ಜ್ಞಾನವನ್ನು ಬೀಗದಲ್ಲಿಟ್ಟು ಮಾರುವ ಈ ಪದ್ಧತಿಯನ್ನು ಟ್ರ್ಯಾಕ್ಟರಿನ ವಿಷಯದಲ್ಲಿ ರೈತರು ಚೆನ್ನಾಗಿ ಬಲ್ಲರು. ಎರಡೂ ಒಂದೇ ರೋಗ ಎಂಬುದನ್ನು ಅಮೆರಿಕದ ಕೊಲರಾಡೊ ರಾಜ್ಯ ತೋರಿಸಿಕೊಟ್ಟಿದೆ: ಅಲ್ಲಿ 2022ರಲ್ಲಿ ವಿದ್ಯುತ್ ಚಾಲಿತ ಗಾಲಿಕುರ್ಚಿಗಳ ಬಿಡಿಭಾಗ, ಕೈಪಿಡಿ ಮತ್ತು ತಂತ್ರಾಂಶವನ್ನು ಮಾಲೀಕರಿಗೂ ಸ್ವತಂತ್ರ ಮೆಕ್ಯಾನಿಕರಿಗೂ ಒದಗಿಸಬೇಕೆಂಬ ಕಾನೂನಾಯಿತು, ಮರುವರ್ಷ, 2023ರಲ್ಲಿ, ಅದೇ ಹಕ್ಕನ್ನು ಕೃಷಿ ಯಂತ್ರಗಳಿಗೆ ವಿಸ್ತರಿಸಲಾಯಿತು. ನಡೆಯಲಾಗದವರು ಹಾಕಿದ ದಾರಿಯಲ್ಲಿ ರೈತರು ನಡೆದರು. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ರಚಿಸಿತು. ಅದು ಗುರುತಿಸಿದ ಕ್ಷೇತ್ರಗಳು ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹಬಳಕೆಯ ವಸ್ತು, ವಾಹನ. ವೃದ್ಧರ ಮತ್ತು ಅಂಗವಿಕಲರ ಸಾಧನಗಳಿಗೆ ಪ್ರತ್ಯೇಕ ಜಾಗ ಸಿಗಲಿಲ್ಲ.

ಸರ್ಕಾರ ಏನೂ ಕೊಡುವುದಿಲ್ಲವೆಂದಲ್ಲ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ವೃದ್ಧರಿಗೆ ಊರುಗೋಲು, ವಾಕರ್, ಶ್ರವಣಸಾಧನ, ಕನ್ನಡಕ, ಗಾಲಿಕುರ್ಚಿಗಳನ್ನು ಹಂಚಲಾಗುತ್ತದೆ. ಒಳ್ಳೆಯ ಯೋಜನೆ, ಬಯಲುಸೀಮೆಯ ಒಳ್ಳೆಯ ಯೋಜನೆ. ಅಂಗಳಕ್ಕೆ ಐದು ಮೆಟ್ಟಿಲು, ಅಂಗಳದಿಂದ ಒಡ್ಡಿಗೆ ಇಪ್ಪತ್ತು ಮೆಟ್ಟಿಲು, ಅದರಾಚೆ ಒಂದು ತಡಮೆ, ಒಂದು ಸಂಕ: ಇಂಥ ಮನೆಗೆ ಬಂದ ಗಾಲಿಕುರ್ಚಿ ಕೊಟ್ಟಿಗೆಯ ಮೂಲೆಯಲ್ಲಿ ಹಿಂಡಿಯ ಚೀಲ ಹೊತ್ತು ನಿಲ್ಲುತ್ತದೆ. ಇಂದಿಗೂ ರೋಗಿಯನ್ನು ಕಂಬಳಿ ಜೋಲಿಯಲ್ಲೋ, ಬಿದಿರ ಗಳಕ್ಕೆ ಕಟ್ಟಿದ ಕುರ್ಚಿಯಲ್ಲೋ ಹೊತ್ತು ರಸ್ತೆಗೆ ತರುವ ಊರುಗಳು ಈ ಜಿಲ್ಲೆಗಳಲ್ಲಿವೆ. ಹೊರುವುದಕ್ಕೆ ಮೊದಲು ಊರ ತುಂಬ ಹೆಗಲುಗಳಿದ್ದವು. ಈಗ ಹೆಗಲುಗಳೆಲ್ಲ ಬೆಂಗಳೂರಿನಲ್ಲಿವೆ.

ಮೂರನೆಯ ಮಾತು ಚಳವಳಿಯ ಒಳಗಿನದೇ. ‘ಇದೆಲ್ಲ ಪಶ್ಚಿಮದ ಐಷಾರಾಮ, ಸರಳ ಬದುಕಿಗೆ ವಿದ್ಯುತ್ ಕುರ್ಚಿ ಯಾಕೆ?’ ಎಂದು ಕೇಳುವ ಗೆಳೆಯರಿದ್ದಾರೆ. ಸರಳತೆಯ ಬಗ್ಗೆ ಉಪದೇಶಿಸುವವರ ಮಂಡಿಗಳು ಸಾಮಾನ್ಯವಾಗಿ ಗಟ್ಟಿಯಾಗಿರುತ್ತವೆ. ಇರಲಿ, ಲೆಕ್ಕ ಹಾಕಿಯೇ ನೋಡಬಹುದು. ಶಾಲೆಯ ಮಕ್ಕಳೂ ಹಾಕಬಹುದಾದ ಲೆಕ್ಕ. ಮೂರು ಮೀಟರ್ ಎತ್ತರದ ಮಹಡಿ. ಕುಳಿತವರು 80 ಕಿಲೋ, ಕುರ್ಚಿ ಮತ್ತು ಬಂಡಿ 40 ಕಿಲೋ. 120 ಕಿಲೋ ಭಾರವನ್ನು ಮೂರು ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 3,500 ಜೂಲ್, ಅಂದರೆ ಒಂದು ವ್ಯಾಟ್-ಗಂಟೆಗಿಂತ ತುಸು ಕಡಿಮೆ. ಗೇರಿನ ಘರ್ಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಯಿತೆಂದರೂ ಎರಡೂವರೆ ವ್ಯಾಟ್-ಗಂಟೆ. ದಿನಕ್ಕೆ ಹತ್ತು ಸಲ ಏರಿದರೆ ಇಪ್ಪತ್ತೈದು. ಜಗಲಿಯಲ್ಲಿ ಹಳೆಯ ನಲವತ್ತು ವ್ಯಾಟಿನ ಬಲ್ಬು ನಲವತ್ತು ನಿಮಿಷ ಉರಿದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇದಕ್ಕಿಂತ ಚಾರ್ಜರ್ ಸುಮ್ಮನೆ ಹಚ್ಚಿಕೊಂಡಿದ್ದಾಗ ನುಂಗುವ ವಿದ್ಯುತ್ತೇ ಹೆಚ್ಚಿರಬಹುದು. ಹಳ್ಳದ ನೀರಿನಿಂದ ಒಂದು ಕಿಲೋವ್ಯಾಟ್ ಮಾಡಿಕೊಂಡ ಮಲೆನಾಡಿನ ಮನೆಗಳಿಗೆ, ಮಾಡಿನ ಮೇಲೆ ಸೌರಫಲಕ ಹಾಕಿಕೊಂಡವರಿಗೆ ಇದು ಲೆಕ್ಕಕ್ಕೇ ಬಾರದ ಹೊರೆ. ಪರಿಸರದ ನಿಜವಾದ ಹೊರೆ ಇರುವುದು ಯಂತ್ರವನ್ನು ತಯಾರಿಸಿದ ಉಕ್ಕು, ಅಲ್ಯೂಮಿನಿಯಂ, ತಾಮ್ರ, ಸೀಸಗಳಲ್ಲಿ. ಅವನ್ನು ಗಣಿಯಿಂದ ತೆಗೆದಾಗಿದೆ, ಕರಗಿಸಿಯಾಗಿದೆ. ಎರಡನೆಯ ಮನೆಯಲ್ಲಿ, ಮೂರನೆಯ ಮನೆಯಲ್ಲಿ ಅದೇ ಹಳಿ ದುಡಿದರೆ ಹೊಸ ಹಳಿಗೆ ಗಣಿ ತೋಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ. ಕುದುರೆಮುಖದ ಗಣಿಗಾರಿಕೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ ನಾಡಿಗೆ ಕಬ್ಬಿಣದ ಬೆಲೆ ಏನೆಂದು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಪಶ್ಚಿಮದ ಐಷಾರಾಮ ಎಂಬ ಮಾತನ್ನೂ ಪರೀಕ್ಷಿಸಬೇಕು. ಈ ಯಂತ್ರದ ಹುಟ್ಟು ದೊಡ್ಡ ಕಾರ್ಖಾನೆಯದಲ್ಲ. 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಿ. ಸಿ. ಕ್ರಿಸ್ಪೆನ್ ಎಂಬಾತ ಕಾಯಿಲೆಬಿದ್ದ ಗೆಳೆಯನೊಬ್ಬ ತನ್ನ ಮನೆಯ ಮಹಡಿಗಳ ನಡುವೆ ಓಡಾಡಲೆಂದು ಹಳಿಯ ಮೇಲೆ ತೆವಳುವ ಆಸನವೊಂದನ್ನು ರೂಪಿಸಿದ. ತಾನೇ ಕಲಿತು ಎಂಜಿನಿಯರನಾದವನು ಆತ. ಮನೆಯಲ್ಲಿ ಕೈಯಾರೆ ಮಾಡಿದ ಯಂತ್ರವನ್ನು ನೂರು ವರ್ಷಗಳ ನಂತರ ‘ಕೈ ಹಾಕಬೇಡಿ’ ಎಂಬ ಮುದ್ರೆಯೊಡನೆ ಮಾರುತ್ತಿರುವುದು ಇತಿಹಾಸದ ಸಣ್ಣ ತಮಾಷೆ. ಭಾರತದಲ್ಲೂ ಇಂಥ ಪರಂಪರೆಯಿದೆ. 1968ರಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಸೇರಿ ರೂಪಿಸಿದ ಜೈಪುರ ಕಾಲು, ಬರಿಗಾಲಲ್ಲಿ ಗದ್ದೆಗಿಳಿಯುವ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ ಜನರ ಬದುಕನ್ನು ನೋಡಿ ಹುಟ್ಟಿದ್ದು. ಅಕ್ಷರ ಹೆಚ್ಚು ಕಲಿಯದ ಕೈಯೂ ವೈದ್ಯಶಾಸ್ತ್ರ ಕಲಿತ ಕಣ್ಣೂ ಒಂದೇ ಮೇಜಿನ ಮುಂದೆ ಕುಳಿತದ್ದರಿಂದ ಅದು ಸಾಧ್ಯವಾಯಿತು.

ನಾಲ್ಕನೆಯ ಮಾತು ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಸ್ನೇಹಿತನ ವೇಷದಲ್ಲಿ ಬರುತ್ತದೆ. ‘ಇದೇನು ಮಹಾ ವಿದ್ಯೆ? ಒಂದು ಹಳೆಯ ಮೋಟಾರು, ಒಂದು ಹಗ್ಗ, ಒಂದು ಪ್ಲಾಸ್ಟಿಕ್ ಕುರ್ಚಿ ಇದ್ದರೆ ಸಾಕು’ ಎನ್ನುವ ಊರ ಚತುರ. ಹಳೆಯ ಜೀಪನ್ನು ಐವತ್ತು ವರ್ಷ ಓಡಿಸುವ, ಅಡಿಕೆ ಸುಲಿಯುವ ಯಂತ್ರವನ್ನು ಬಿಚ್ಚಿ ಇನ್ನೊಂದಾಗಿ ಕಟ್ಟುವ ಮಲೆನಾಡಿನ ಕೈಚಳಕಕ್ಕೆ ಗೌರವ ಸಲ್ಲಲೇಬೇಕು. ಆದರೆ ಜೀಪು ಕೆಟ್ಟರೆ ರಸ್ತೆಯಲ್ಲಿ ನಿಲ್ಲುತ್ತದೆ. ಹಗ್ಗ ಹರಿದರೆ ಕುರ್ಚಿ ನಿಲ್ಲುವುದಿಲ್ಲ. ಬಾವಿಯ ರಾಟೆಯ ತರ್ಕವನ್ನು ಎಂಬತ್ತು ವರ್ಷದ ಮನುಷ್ಯರಿಗೆ ಅನ್ವಯಿಸುವುದು ಸ್ವಾವಲಂಬನೆಯಲ್ಲ, ಅಪರಾಧ. ಕಾರ್ಖಾನೆಯಲ್ಲಿ ತಯಾರಾದ ಹಳೆಯ ಯಂತ್ರವನ್ನು ಅದರ ಎಲ್ಲ ರಕ್ಷಣೆಗಳೊಡನೆ ತಂದು ಸರಿಯಾಗಿ ಕೂರಿಸುವುದು ಬೇರೆ. ಯಂತ್ರವನ್ನೇ ಕಲ್ಪಿಸಿಕೊಳ್ಳುವುದು ಬೇರೆ. ಸ್ವತಃ ಕೂರಿಸುವ ಹಕ್ಕನ್ನು ಕೇಳುವವರು ಈ ಗೆರೆಯನ್ನು ತಾವೇ ಎಳೆಯಬೇಕು. ಇಲ್ಲವಾದರೆ ಮೊದಲ ಅಪಘಾತದ ಮರುದಿನ ಮಾರಾಟಗಾರನೇ ಗೆಲ್ಲುತ್ತಾನೆ.

ಹಾಗಾದರೆ ಆ ರಕ್ಷಣೆಗಳೇನು? ಒಳ್ಳೆಯ ಮೆಟ್ಟಿಲುಕುರ್ಚಿ ನಿಧಾನದ ಯಂತ್ರ. ಯುರೋಪಿನ ಇಎನ್ 81-40 ಮಾನಕ ಅದರ ವೇಗವನ್ನು ಸೆಕೆಂಡಿಗೆ 15 ಸೆಂಟಿಮೀಟರಿಗೆ ಮಿತಿಗೊಳಿಸಿದೆ. ಹಲವು ಯಂತ್ರಗಳು ಇನ್ನೂ ನಿಧಾನ. ಒಂದು ಮಹಡಿ ಏರಲು ಮುಕ್ಕಾಲು ನಿಮಿಷ ಬೇಕು. ವಿದ್ಯುತ್ತು ಹೋದರೆ ನಡುವೆ ನಿಲ್ಲದಿರಲೆಂದು ಅದು ಬಂಡಿಯೊಳಗಿನ ಎರಡು ಹನ್ನೆರಡು ವೋಲ್ಟಿನ ಬ್ಯಾಟರಿಗಳಿಂದ ಓಡುತ್ತದೆ. ಹಳಿಯ ಎರಡು ತುದಿಗಳಲ್ಲಿ ನಿಂತಾಗ ಅವು ಚಾರ್ಜಾಗುತ್ತವೆ. ಗೇರ್ ಸವೆದು ಜಾರಿತೆಂದರೆ ಹಿಡಿದು ನಿಲ್ಲಿಸಲು ಅತಿವೇಗದ ತಡೆ ಇದೆ. ಪಾದದ ಹಲಗೆಯ ಅಂಚಿಗೆ ಬೆಕ್ಕೋ ಚಪ್ಪಲಿಯೋ ತಾಗಿದರೆ ನಿಲ್ಲಿಸುವ ಸ್ವಿಚ್‌ಗಳಿವೆ. ಮೇಲೆ ತಲುಪಿದಾಗ ಮೆಟ್ಟಿಲಿಗೆ ಬೆನ್ನುಹಾಕಿ ಇಳಿಯಲು ಕುರ್ಚಿ ತಿರುಗುತ್ತದೆ. ತಿರುಗಿದ ಕುರ್ಚಿ ಮತ್ತೆ ಸರಿಯಾಗಿ ಕೂತು ಬೀಗ ಬೀಳುವವರೆಗೆ ಬಂಡಿ ಚಲಿಸದು. ತುದಿಯಲ್ಲಿ ಬಂಡಿಯನ್ನು ನಿಲ್ಲಿಸುವ ಸ್ವಿಚ್, ಅದು ಕೈಕೊಟ್ಟರೆ ಇನ್ನೊಂದು. ಹಳೆಯ ಕುರ್ಚಿಯನ್ನು ನೋಡಲು ಹೋದವರು ಹೊದಿಕೆಯ ಬಣ್ಣ ನೋಡಬಾರದು. ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ಯಾವುದೇ ಸ್ವಿಚ್ಚನ್ನು ತಂತಿಯಿಂದ ಕಟ್ಟಿ ‘ನೇರ’ ಮಾಡಿದ್ದು ಕಂಡರೆ ಅಲ್ಲಿಂದಲೇ ಹಿಂತಿರುಗುವುದು ಒಳಿತು. ಯಂತ್ರದ ಫಲಕದ ಮೇಲೆ ಮಾದರಿಯ ಹೆಸರು, ಹೊರುವ ಭಾರ ಇರಬೇಕು, ಕೈಪಿಡಿ ಸಿಗಬೇಕು. ಕೈಪಿಡಿಯಿಲ್ಲದ ಕುರ್ಚಿ ಬಿಡಿಭಾಗಗಳಿಗೆ ಮಾತ್ರ ಯೋಗ್ಯ.

ಇನ್ನೊಂದು ಸಂಗತಿ ತಿಳಿದಿದ್ದರೆ ಅರ್ಧ ಮೋಸ ತಪ್ಪುತ್ತದೆ. ನೇರ ಮೆಟ್ಟಿಲಿನ ಹಳಿಯನ್ನು ಇನ್ನೊಂದು ನೇರ ಮೆಟ್ಟಿಲಿಗೆ ಹೊಂದಿಸಬಹುದು, ಉದ್ದ ಹೆಚ್ಚಿದ್ದರೆ ಕತ್ತರಿಸಬಹುದು. ತಿರುವಿನ ಮೆಟ್ಟಿಲಿನ ಹಳಿ ಒಂದೇ ಮನೆಯ ಅಳತೆಗೆ ಬಾಗಿಸಿದ್ದು. ಅದು ಇನ್ನೊಂದು ಮನೆಗೆ ಕೂರುವುದು ಬಹುತೇಕ ಅಸಾಧ್ಯ. ಅಗ್ಗವಾಗಿ ಸಿಕ್ಕಿತೆಂದು ಬಾಗಿದ ಹಳಿ ತಂದವರು ಅಡಿಕೆ ಒಣಗಿಸುವ ಚಪ್ಪರಕ್ಕೆ ಕಂಬ ಮಾಡಿಕೊಳ್ಳಬೇಕಾದೀತು. ಎಡಗೋಡೆಗೆಂದು ಮಾಡಿದ ಯಂತ್ರ ಬಲಗೋಡೆಗೆ ಎಲ್ಲ ಮಾದರಿಗಳಲ್ಲೂ ಹೊಂದುವುದಿಲ್ಲ. ಹಳೆಯ ಮನೆಯ ಮೆತ್ತಿನ ಏಣಿಮೆಟ್ಟಿಲು ಅರವತ್ತು ಡಿಗ್ರಿ ಕಡಿದಾಗಿದ್ದರೆ ಆಸೆಯನ್ನೇ ಬಿಡಬೇಕು. ಈ ಯಂತ್ರಗಳು ಸಾಮಾನ್ಯವಾಗಿ ಐವತ್ತು ಡಿಗ್ರಿಯ ಆಸುಪಾಸಿನವರೆಗಿನ ಇಳಿಜಾರಿಗೆಂದು ಮಾಡಿದವು.

ಹಳಿಯನ್ನು ಗೋಡೆಗೆ ಬಿಗಿಯುತ್ತಾರೆಂದು ಅನೇಕರ ಭಾವನೆ. ಹಾಗಲ್ಲ, ಅದು ಮೆಟ್ಟಿಲಿನ ಹಲಗೆಗೇ ಪಾದಗಳಿಂದ ಬಿಗಿಯುವಂಥದ್ದು. ಇಲ್ಲಿಯೇ ಕಣ್ಣಿಗೆ ಕಾಣದ ಒಂದು ಬಲ ಕೆಲಸ ಮಾಡುತ್ತದೆ. ಹಳಿ ಗೋಡೆಯ ಪಕ್ಕದಲ್ಲಿದೆ, ಕುಳಿತವರು ಮೆಟ್ಟಿಲಿನ ನಡುವಿಗೆ ಚಾಚಿಕೊಂಡಿದ್ದಾರೆ. ತೋಟದಲ್ಲಿ ಹಾರೆಯಿಂದ ಬಂಡೆ ಮೀಟಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. 120 ಕಿಲೋ ಭಾರ ಪಾದದ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ತೂಗುತ್ತಿದೆ, ಗೋಡೆ ಕಡೆಯ ತಿರುಪು ಅದೇ ಅಂಚಿನಿಂದ 15 ಸೆಂಟಿಮೀಟರ್ ಒಳಗಿದೆ ಎಂದಿಟ್ಟುಕೊಂಡರೆ, ಆ ತಿರುಪನ್ನು ಮೇಲಕ್ಕೆ ಕೀಳುವ ಬಲ 240 ಕಿಲೋ ತೂಕದಷ್ಟಾಗುತ್ತದೆ. ಎರಡು ಮೂರು ಪಾದಗಳು ಅದನ್ನು ಹಂಚಿಕೊಳ್ಳುತ್ತವೆ, ನಿಜ. ಆದರೆ ಒಂದು ಹಲಗೆಯೊಳಗೆ ಒರಲೆ ಹೊಕ್ಕಿದ್ದರೆ, ಒಂದು ಕಾಂಕ್ರೀಟ್ ಮೆಟ್ಟಿಲಿನ ಅಂಚು ಬರೀ ಗಾರೆಯಾಗಿದ್ದರೆ, ಹಂಚಿಕೆಯ ಮಾತು ಅಲ್ಲಿಗೇ ಮುಗಿಯಿತು. ಹೊರಗಿನಿಂದ ಮಿರಮಿರ ಮಿಂಚುವ ಹಲಸಿನ ಹಲಗೆಯ ಹೊಟ್ಟೆಯಲ್ಲಿ ಏನಿದೆಯೆಂದು ಊರ ಆಚಾರಿಗೆ ಗೊತ್ತು, ನಗರದ ತಂತ್ರಜ್ಞನಿಗೆ ಗೊತ್ತಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಸಣ್ಣ ಉಳಿಯಿಂದ ಚುಚ್ಚಿ ನೋಡಿ, ಅನುಮಾನದ ಹಲಗೆಯನ್ನು ಬದಲಿಸಿ, ಅನಂತರವೇ ಹಳಿಯ ಮಾತು. ಯಂತ್ರ ಕೂರಿಸುವ ಕೆಲಸದಲ್ಲಿ ಆಚಾರಿಯನ್ನು ಕರೆಯದವರು ಅರ್ಧ ಕೆಲಸವನ್ನೇ ಮಾಡುತ್ತಾರೆ. ಮನೆಯ ವಿದ್ಯುತ್ ಸಂಪರ್ಕ ಮತ್ತು ಭೂಸಂಪರ್ಕವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನನೇ ನೋಡಬೇಕೆಂಬುದನ್ನು ಇಲ್ಲಿಯೇ ಸೇರಿಸಬೇಕು. ಸ್ವತಃ ಮಾಡುವುದೆಂದರೆ ಒಬ್ಬರೇ ಮಾಡುವುದು ಎಂದರ್ಥವಲ್ಲ.

ಬಿಗಿದಾದ ಮೇಲೆ ಮೊದಲು ಕೂರಬೇಕಾದವರು ಅಜ್ಜಿಯಲ್ಲ, ಮನೆಯ ಯಜಮಾನನೂ ಅಲ್ಲ, ಅಕ್ಕಿಚೀಲ. ಫಲಕದಲ್ಲಿ ಬರೆದಷ್ಟು ಭಾರವನ್ನು ತೂಗಿ, ಬೆಲ್ಟಿನಿಂದ ಕಟ್ಟಿ, ಮೆಟ್ಟಿಲಿನ ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಹತ್ತಾರು ಸಲ ಏರಿಸಿ ಇಳಿಸಬೇಕು. ಪ್ರತಿ ಸಲವೂ ಪ್ರತಿ ಪಾದವನ್ನು ಮುಟ್ಟಿ ನೋಡಬೇಕು. ನಡುವೆ ಮನೆಯ ಮುಖ್ಯ ಸ್ವಿಚ್ ಆರಿಸಿ ಬ್ಯಾಟರಿಯಿಂದಲೇ ಓಡುವುದೇ ಎಂದು ಪರೀಕ್ಷಿಸಬೇಕು. ಮಲೆನಾಡಿನ ಜುಲೈ ತಿಂಗಳಲ್ಲಿ ವಿದ್ಯುತ್ತು ಹೋಗುವುದು ಗಂಟೆಗಳ ಲೆಕ್ಕದಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ. ಏಳು ಆಂಪಿಯರ್-ಗಂಟೆಯ ಎರಡು ಹೊಸ ಬ್ಯಾಟರಿಗಳ ಅರ್ಧ ಶಕ್ತಿಯಲ್ಲಿ ಮೂವತ್ತು ಸಲ ಏರಬಹುದೆಂದು ಮೇಲಿನ ಲೆಕ್ಕವೇ ಹೇಳುತ್ತದೆ. ಹಳಸಿದವುಗಳಲ್ಲಿ ಐದು ಸಲವೂ ಅನುಮಾನ. ಆದುದರಿಂದ ಹಳೆಯ ಕುರ್ಚಿಯೊಡನೆ ಬಂದ ಬ್ಯಾಟರಿಯನ್ನು ನಂಬದೆ ಹೊಸದನ್ನೇ ಹಾಕಬೇಕು, ಚಾರ್ಜರನ್ನು ಇನ್ವರ್ಟರಿಗೆ ಜೋಡಿಸಬೇಕು. ತೇವಕ್ಕೆ ಹಳಿಯ ತುದಿಯ ಚಾರ್ಜಿಂಗ್ ತಗಡು ಕಿಲುಬು ಹಿಡಿಯುತ್ತದೆ, ತಂತಿಯನ್ನು ಇಲಿ ಕಡಿಯುತ್ತದೆ, ಬಂಡಿಯೊಳಗೆ ಇರುವೆ ಗೂಡು ಕಟ್ಟುತ್ತದೆ. ಇದಾವುದೂ ಯುರೋಪಿನ ಕೈಪಿಡಿಯಲ್ಲಿ ಬರೆದಿರುವುದಿಲ್ಲ. ಒಳಾಂಗಣದ ಯಂತ್ರವನ್ನು ಅಂಗಳದ ಮೆಟ್ಟಿಲಿಗೆ ತಗಡಿನ ಮಾಡು ಹಾಕಿ ಕೂರಿಸುವ ಉತ್ಸಾಹವನ್ನಂತೂ ಆಗುಂಬೆ ಸೀಮೆಯ ಮಳೆ ಒಂದೇ ವರ್ಷದಲ್ಲಿ ತೊಳೆದುಹಾಕುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಾಮಾಣಿಕ ಮಾತನ್ನೂ ಆಡಬೇಕು. ಬಹಳ ಮನೆಗಳಲ್ಲಿ ಕುರ್ಚಿ ಬೇಕಾಗಿಯೇ ಇಲ್ಲ. ಹೋಂಸ್ಟೇ ಕೋಣೆಯನ್ನು ತಾಯಿಗೆ ಹಿಂತಿರುಗಿಸಿದರೆ, ಮಂಚವನ್ನು ಕೆಳಗೆ ತಂದು ಬಚ್ಚಲಿಗೆ ಒಂದು ಹಿಡಿಕೆ, ಮೆಟ್ಟಿಲಿಗೆ ಎರಡೂ ಬದಿ ಕೈಪಿಡಿಕಂಬಿ ಹಾಕಿದರೆ ಸಮಸ್ಯೆ ಅಲ್ಲಿಗೇ ಪರಿಹಾರವಾಗುತ್ತದೆ. ಎದ್ದು ಕೂರಲು, ಬೆಲ್ಟು ಕಟ್ಟಿಕೊಳ್ಳಲು, ಗುಂಡಿ ಒತ್ತಿ ಹಿಡಿಯಲು ಆಗದವರಿಗೆ ಈ ಯಂತ್ರ ಸಲ್ಲದು. ವೈದ್ಯರನ್ನೋ ಫಿಸಿಯೋಥೆರಪಿ ಬಲ್ಲವರನ್ನೋ ಕೇಳಿಯೇ ನಿರ್ಧರಿಸಬೇಕು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಆ ಹಿರಿಯರನ್ನೇ. ಮಗ, ಸೊಸೆ, ಮಾರಾಟಗಾರ, ಚಳವಳಿಗಾರ ಎಲ್ಲರೂ ಮಾತಾಡಿ ಮುಗಿದ ಮೇಲೂ ‘ಅಜ್ಜಿ, ನಿಮಗೆ ಎಲ್ಲಿರಬೇಕು ಅನ್ನಿಸುತ್ತದೆ?’ ಎಂದು ಯಾರೂ ಕೇಳಿರದ ಮನೆಗಳೇ ಹೆಚ್ಚು.

ಹಳೆಯ ಯಂತ್ರವೆಂದರೆ ಹೊರದೇಶದ ಕಸಕ್ಕೆ ಬಾಗಿಲು ತೆರೆಯುವುದೆಂಬ ಆತಂಕವೂ ಅರ್ಥವಾಗುವಂಥದೇ. ಅಪಾಯಕಾರಿ ತ್ಯಾಜ್ಯದ ಸಾಗಾಟ ತಡೆಯುವ 1989ರ ಬಾಸೆಲ್ ಒಪ್ಪಂದಕ್ಕಾಗಿ ಜಗತ್ತಿನ ಪರಿಸರವಾದಿಗಳು ಹೋರಾಡಿದ್ದು ಸುಮ್ಮನೆ ಅಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಹಡಗಿನಲ್ಲಿ ಬರುವ ಗುಜರಿಯನ್ನಲ್ಲ. ಈ ರಾಜ್ಯದ ನಗರಗಳಲ್ಲೇ ಬಟ್ಟೆ ಹೊದ್ದು ನಿಂತಿರುವ ಕುರ್ಚಿಗಳನ್ನು. ಇಂಗ್ಲೆಂಡಿನಲ್ಲಿ ಮನೆಯನ್ನು ಅಂಗವಿಕಲರಿಗೆ ಹೊಂದಿಸಲು 30,000 ಪೌಂಡುಗಳವರೆಗೆ ಸರ್ಕಾರಿ ಅನುದಾನ ಸಿಗುತ್ತದೆ, ಮೆಟ್ಟಿಲುಕುರ್ಚಿಯೂ ಅದರಲ್ಲಿ ಸೇರಿದೆ. ಕೆಲವು ಸ್ಥಳೀಯ ಆಡಳಿತಗಳು ಬಳಕೆ ಮುಗಿದ ಕುರ್ಚಿಯನ್ನು ಬಿಚ್ಚಿ, ಪರೀಕ್ಷಿಸಿ, ಇನ್ನೊಂದು ಮನೆಗೆ ಹಾಕುತ್ತವೆ. ಅಷ್ಟು ಹಣ ಇಲ್ಲಿಲ್ಲ. ವ್ಯವಸ್ಥೆಗೆ ಬೇಕಾದ ಅಂಗಗಳು ಮಾತ್ರ ಇಲ್ಲಿಯೂ ಇವೆ. 2014-15ರಲ್ಲಿ ಕರ್ನಾಟಕ ಸರ್ಕಾರ ಕೃಷಿ ಯಂತ್ರಧಾರೆ ಆರಂಭಿಸಿ, ಕೊಳ್ಳಲಾಗದ ರೈತರಿಗೆ ಟ್ರ್ಯಾಕ್ಟರ್ ಟಿಲ್ಲರುಗಳನ್ನು ಬಾಡಿಗೆಗೆ ಕೊಡುವ ಕೇಂದ್ರಗಳನ್ನು ತೆರೆಯಿತು. ಹೊಲಕ್ಕೆ ಬಾಡಿಗೆ ಯಂತ್ರ ಸಿಗುವ ನಾಡಿನಲ್ಲಿ ಹೊಲ ಮಾಡಿದವರ ಕಾಲಿಗೆ ಸಿಗಬಾರದೇಕೆ? ಗೊಬ್ಬರ ಇಡುವ ಗೋದಾಮಿನ ಒಂದು ಮೂಲೆ, ನಾಲ್ಕು ನೇರ ಹಳಿ, ಮೂರು ಬಂಡಿ, ಒಂದು ನೋಂದಣಿ ಪುಸ್ತಕ: ಒಂದು ಅಡಿಕೆ ಸಹಕಾರ ಸಂಘಕ್ಕೆ ಇದು ದೊಡ್ಡ ಮಾತಲ್ಲ. ತಾಲ್ಲೂಕು ಕೇಂದ್ರದ ಐಟಿಐಯಲ್ಲಿ ಓದುವ ಹುಡುಗ ಹುಡುಗಿಯರು ಒಂದು ಹಳೆಯ ಕುರ್ಚಿಯನ್ನು ಪೂರ್ತಿ ಬಿಚ್ಚಿ ಜೋಡಿಸಲು ಕಲಿತರೆ ಸೀಮೆಗೆಲ್ಲ ಸಾಕಾಗುವಷ್ಟು ತಂತ್ರಜ್ಞರು ಒಂದೇ ವರ್ಷದಲ್ಲಿ ಸಿದ್ಧವಾಗುತ್ತಾರೆ. ಕೈಪಿಡಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ಕಾಲೇಜು ವಿದ್ಯಾರ್ಥಿಗಳು ಈ ರಜೆಯಲ್ಲೇ ಆರಂಭಿಸಬಹುದು.

ಗ್ರಾಮಸಭೆಗಳಲ್ಲಿ ಬರೆದು ಕೊಡಬೇಕಾದ ಬೇಡಿಕೆ ಎರಡೇ ಸಾಲಿನದು: ವೃದ್ಧರ ಮತ್ತು ಅಂಗವಿಕಲರ ಸಾಧನಗಳನ್ನು ದುರಸ್ತಿಯ ಹಕ್ಕಿನ ಪಟ್ಟಿಗೆ ಸೇರಿಸಬೇಕು, ಸಾಧನ ಹಂಚುವ ಯೋಜನೆಗಳಲ್ಲಿ ಗುಡ್ಡಗಾಡಿನ ಮನೆಗಳಿಗೆ ಗಾಲಿಕುರ್ಚಿಯ ಬದಲು ಮೆಟ್ಟಿಲಿಗೆ ಹೊಂದುವ ಆಯ್ಕೆ ಇರಬೇಕು. ಉತ್ತರ ಬರುವವರೆಗೆ ಕಾಯಬೇಕಾಗಿಲ್ಲ. ನಗರದಲ್ಲಿ ನೆಂಟರಿರುವ ಪ್ರತಿ ಮನೆಯೂ ಒಂದು ಫೋನು ಮಾಡಿ, ಅವರ ವಠಾರದಲ್ಲಿ ನಿಂತುಹೋದ ಕುರ್ಚಿಯೇನಾದರೂ ಇದೆಯೇ ಎಂದು ವಿಚಾರಿಸಲಿ. ಸಿಕ್ಕರೆ ಬಿಚ್ಚುವ ಮುನ್ನ ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆದುಕೊಳ್ಳಬೇಕು, ತಿರುಪುಗಳನ್ನು ಪಾದಕ್ಕೊಂದರಂತೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸಬೇಕು, ಬೀಗದ ಕೈ ಮತ್ತು ರಿಮೋಟು ಮರೆಯಬಾರದು. ಸತ್ತ ಬ್ಯಾಟರಿಯಲ್ಲಿರುವುದು ಸೀಸ ಮತ್ತು ಆಮ್ಲ. ಅದನ್ನು ಹಳ್ಳದ ದಂಡೆಗೆ ಎಸೆಯದೆ, ಬೀದಿಬದಿ ಕರಗಿಸುವವರ ಕೈಗೂ ಕೊಡದೆ, ಹೊಸದನ್ನು ಕೊಂಡ ಅಂಗಡಿಗೇ ಹಿಂತಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದರ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮತ್ತು ಈ ಮನೆಯಲ್ಲಿ ಕುರ್ಚಿಯ ಕೆಲಸ ಮುಗಿದ ದಿನ ಅದು ಕೊಟ್ಟಿಗೆಯ ಅಟ್ಟ ಸೇರದೆ, ಕೈಪಿಡಿ, ತಿರುಪಿನ ಡಬ್ಬಿಗಳ ಸಹಿತ ಸಂಘದ ಗೋದಾಮಿಗೆ ಮರಳಬೇಕು, ಮುಂದಿನ ಮನೆಯ ಮೆಟ್ಟಿಲಿನ ಅಳತೆ ತೆಗೆದುಕೊಂಡು ಬಂದವರಿಗಾಗಿ.